ಖಾಲಿ ಚೀಲ, ಖಾಲಿ ಕ್ಯಾನು

ಹ. ಮೈಮೂನಾ(ರ)ರ ವಿಮೋಚಿತ ದಾಸಿಯೊಬ್ಬರಿಗೆ ದಾನವಾಗಿ ದೊರೆತಿದ್ದ ಕುರಿಯೊಂದು ಸತ್ತು ಬಿದ್ದಿತ್ತು. ಆ ದಾರಿಯಾಗಿ ಬಂದ ಪ್ರವಾದಿವರ್ಯರು(ಸ), ಅದರ ಚರ್ಮವನ್ನು ಹದಮಾಡಿ ಏಕೆ ಉಪಯೋಗಿಸಿಕೊಳ್ಳಲಿಲ್ಲವೆಂದು ಕೇಳಿದರು. ಸತ್ತ ಪ್ರಾಣಿಯಲ್ಲವೇ ಎಂದಾಗ, ನಿಷಿದ್ಧವಾಗಿರುವುದು ಅದನ್ನು ತಿನ್ನುವುದು ಮಾತ್ರವೆಂದು ತಿಳಿಸಿದರು. ಬುಖಾರಿಯ ಇನ್ನೊಂದು ವರದಿಯಲ್ಲಿ ಹ. ಸೌದಾ(ರ), ತಮ್ಮ ಸತ್ತ ಕುರಿಯ ಚರ್ಮವನ್ನು ಹದಮಾಡಿ, ಅದು ಜೀರ್ಣವಾಗುವ ತನಕ ಅದರಲ್ಲಿ ಖರ್ಜೂರದ ಪಾನೀಯ ಇಡುತ್ತಿದ್ದುದಾಗಿ ಹೇಳಿದ್ದಾರೆ. ಎಸೆಯಬೇಕಾದುದು ಮನೆಯ ಪಾತ್ರೆಯಾಯಿತು. ಆದರೆ ನಡುವೆ ಹದಮಾಡುವ ಕೆಲಸವೊಂದು ನಡೆಯಿತೆಂಬುದನ್ನು ನಾವು ಗಮನಿಸಬೇಕು. ಚರ್ಮವು ಶುದ್ಧವಾಗುವುದು ಅದರಿಂದಲೇ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ನಮ್ಮ ರೈತ ಮನೆಗಳಿಗೆ ಮರುಬಳಕೆಯ ಪಾಠ ಬೇಕಿಲ್ಲ. ಶೇಂಗಾ ತುಂಬಿದ ಗೋಣಿಚೀಲ ಹರಿದರೆ ಬಾಗಿಲ ಬಳಿಯ ಕಾಲೊರಸು. ಗೊಬ್ಬರದ ಚೀಲಗಳನ್ನು ಬಿಚ್ಚಿ ಹೊಲಿದರೆ ಕಣದ ಹಾಸು. ಭಯವಿರುವುದು ಕ್ಯಾನಿನಲ್ಲಿ.

ಹೋದ ವರ್ಷ ನಮ್ಮ ಮಕ್ತಬಿಗೆ ಹುಡುಗನೊಬ್ಬ ಐದು ಲೀಟರಿನ ಬಿಳಿ ಕ್ಯಾನಿನಲ್ಲಿ ಕುಡಿಯುವ ನೀರು ತಂದ. ಲೇಬಲ್ ಕಿತ್ತಿದ್ದರೂ ಅಂಟು ಹಾಗೆಯೇ ಇತ್ತು. ವಿಚಾರಿಸಿದರೆ, ಮೆಕ್ಕೆಜೋಳಕ್ಕೆ ಹೊಡೆದ ಕಳೆ ಔಷಧಿಯ ಕ್ಯಾನು! ತಾಯಿಯನ್ನು ಕೇಳಿದಾಗ, “ಬೂದಿ ಹಚ್ಚಿ ಮೂರು ಸಲ ತೊಳೆದೀನಿ, ಹಜರತ್” ಎಂದರು.

ಆ ತಾಯಿಯನ್ನು ದೂರುವಂತಿಲ್ಲ. ಮೂರು ಸಲ ತೊಳೆಯಲು ಕಲಿಸಿದವರು ನಾವೇ. ಆದರೆ ಅದು ನಜೀಸಿನ ಮಾತು. ಪ್ಲಾಸ್ಟಿಕ್ಕಿನೊಳಗೆ ಹೀರಿಕೊಂಡ ವಿಷ ತೊಳೆದರೆ ಪೂರ್ತಿ ಹೋಗುವುದಿಲ್ಲ. ಚರ್ಮದಂತೆ ಅದನ್ನು ಹದಮಾಡುವ ವಿದ್ಯೆ ನಮ್ಮ ಬಚ್ಚಲಲ್ಲಿಲ್ಲ. ತಹಾರತ್ತಿನ ಪಾಠದಲ್ಲಿ ಈ ವ್ಯತ್ಯಾಸವನ್ನು ನಾನು ಎಂದೂ ಬಿಡಿಸಿ ಹೇಳಿರಲಿಲ್ಲ. ಇಂಥ ಡಬ್ಬಿಗಳು ಮತ್ತೆ ಬಳಕೆಯಾಗದಂತೆ ಅವನ್ನು ಹೊರಗೆ ಬಿಡದೆ, ಒಡೆದು, ಜನವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ತನಗೂ ಇತರರಿಗೂ ಹಾನಿ ಮಾಡಬಾರದೆಂಬ ಪ್ರವಾದಿ(ಸ) ಬೋಧನೆಯನ್ನು ಇದಕ್ಕೆ ಸೇರಿಸಿ ಓದಿರಿ.

ಅಂದಹಾಗೆ, ಮಿರ್ಚಿ-ಮಂಡಕ್ಕಿ ಕಟ್ಟುವ ಹಳೆಯ ಪತ್ರಿಕೆಯಲ್ಲಿ ಅಲ್ಲಾಹನ ನಾಮವಿದ್ದರೆ ನಾವು ತಕ್ಷಣ ಎತ್ತಿಟ್ಟುಕೊಳ್ಳುತ್ತೇವೆ, ಸಂತೋಷ. ಬಿಸಿ ಎಣ್ಣೆಗೆ ಅದರ ಮಸಿ ಬಿಡುವುದನ್ನು ಮಾತ್ರ ನೋಡುವುದಿಲ್ಲ. ಪತ್ರಿಕೆಯಲ್ಲಿ ಆಹಾರ ಕಟ್ಟಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು 2016ರ ಡಿಸೆಂಬರಿನಲ್ಲೇ ಸೂಚಿಸಿದೆ.

ಮಾಂಸ ತರುವ ತೆಳುವಾದ ಕರಿಯ ಚೀಲವೂ ಹಾಗೆಯೇ. ಯಾವ ಯಾವ ಪ್ಲಾಸ್ಟಿಕ್ ಕರಗಿ ಅದು ಆಗಿದೆಯೆಂದು ಅಂಗಡಿಯವನೂ ಹೇಳಲಾರ. ರಾಜ್ಯದಲ್ಲಿ 2016ರ ಮಾರ್ಚಿನಿಂದಲೇ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ. ಅಂಗಡಿಗಳಲ್ಲಿ ಇನ್ನೂ ಸಿಗುತ್ತವೆ. ಮುಚ್ಚಳವಿರುವ ಸ್ಟೀಲ್ ಡಬ್ಬಿ ಒಯ್ಯಿರಿ, ಮೊದಲು ಖಾಲಿ ಡಬ್ಬಿಯನ್ನು ತೂಗಿಸಿಕೊಳ್ಳಿರಿ.