ಗಲ್ಲಾದ ಕಂಪ್ಯೂಟರ್ ಏಳದಿದ್ದರೆ ಏನು ಮಾಡಬೇಕು?



ನಾನು ಓದಿದ್ದು ಹತ್ತನೇ ಕ್ಲಾಸಿನವರೆಗೆ ಮಾತ್ರ. ಕಂಪ್ಯೂಟರ್ ಕಲಿತದ್ದು ಗಲ್ಲಾದಲ್ಲಿ ಕೂತು, ನಷ್ಟ ಮಾಡಿಕೊಂಡು. ಆ ನಷ್ಟ ತಮಗೆ ಆಗದಿರಲಿ ಎಂದು ಇಷ್ಟು ಬರೆಯುತ್ತಿದ್ದೇನೆ.

2006ರಲ್ಲಿ ಡೊಂಬಿವಲಿಯ ನಮ್ಮ ಹೋಟೆಲಿನಲ್ಲಿ ಲೋಡ್ ಶೆಡ್ಡಿಂಗ್ ಕಾಟ. ಯುಪಿಎಸ್ ಬ್ಯಾಟರಿ ಸತ್ತು ತಿಂಗಳಾಗಿತ್ತು, ನಾಳೆ ಹಾಕಿಸೋಣ ಎಂದು ಬಿಟ್ಟಿದ್ದೆ. ಒಂದು ಸಂಜೆ ಬಿಲ್ ಹೊಡೆಯುತ್ತಿರುವಾಗಲೇ ಕರೆಂಟ್ ಹೋಯಿತು. ಮರುದಿನ ಬೆಳಿಗ್ಗೆ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕೆಲವು ಸಾಲು. ಸಿಸ್ಟಮ್ ಫೈಲ್ ಇಲ್ಲ ಅಥವಾ ಕೆಟ್ಟಿದೆ, ವಿಂಡೋಸ್ ಶುರುವಾಗದು ಎಂದು ಅದರ ಅರ್ಥ. ಬಂದ ಮೆಕ್ಯಾನಿಕ್ ಫಾರ್ಮ್ಯಾಟ್ ಮಾಡಬೇಕು ಎಂದ, ನಾನು ಹೂಂ ಎಂದೆ. ಎರಡು ಗಂಟೆಯಲ್ಲಿ ಕಂಪ್ಯೂಟರ್ ಎದ್ದಿತು. ಆದರೆ ಆಫೀಸುಗಳಿಗೆ ಕಳುಹಿಸಿದ್ದ ಚಹಾ ತಿಂಡಿಯ ಮೂರು ತಿಂಗಳ ಉದ್ರಿ ಲೆಕ್ಕ ಅಳಿಸಿಹೋಗಿತ್ತು. ಪ್ರಾಮಾಣಿಕರು ಕೊಟ್ಟರು. ಉಳಿದವರಲ್ಲಿ ಕೇಳಲು ನಮ್ಮ ಬಳಿ ಆಧಾರವೇ ಇರಲಿಲ್ಲ.

ಫಾರ್ಮ್ಯಾಟ್ ಬೇಕಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅಂದಿನ ವಿಂಡೋಸ್ ಎಕ್ಸ್‌ಪಿಯಲ್ಲಿ ಆ ಫೈಲಿನ ಹಳೆಯ ಪ್ರತಿ ಅದೇ ಡಿಸ್ಕಿನ 'ರಿಪೇರ್' ಫೋಲ್ಡರಿನಲ್ಲಿ ಇರುತ್ತಿತ್ತು. ವಿಂಡೋಸ್ ಸಿಡಿ ಹಾಕಿ, 'ಆರ್' ಒತ್ತಿ ಅದನ್ನು ತಂದಿಡಬಹುದಿತ್ತು.

ಸಿಸ್ಟಮ್ ಫೈಲ್ ಎಂದರೆ, ಕಂಪ್ಯೂಟರ್ ಏಳುವಾಗ ಯಾವುದನ್ನು ಮೊದಲು ಶುರು ಮಾಡಬೇಕು ಎಂದು ನೋಡಿಕೊಳ್ಳುವ ಪಟ್ಟಿ. ಅದನ್ನು ಬರೆಯುತ್ತಿರುವಾಗ ಕರೆಂಟ್ ಹೋದರೆ ಪಟ್ಟಿ ಅರ್ಧಕ್ಕೆ ನಿಲ್ಲುತ್ತದೆ. ನಮ್ಮ ಬಿಲ್ಲು, ಉದ್ರಿ ಇರುವುದು ಬೇರೆ ಫೈಲುಗಳಲ್ಲಿ. ಉಗ್ರಾಣದ ಬೀಗ ಕೆಟ್ಟರೆ ಒಳಗಿನ ಅಕ್ಕಿ ಕೆಡುವುದಿಲ್ಲ. ಬೀಗ ತೆಗೆಯಲಾಗದೆಂದು ಅಕ್ಕಿಯನ್ನು ಯಾರೂ ಚೆಲ್ಲುವುದೂ ಇಲ್ಲ.

ಈಗಿನ ವಿಂಡೋಸ್ 10, 11ರಲ್ಲಿ ಹೀಗೆ ಮಾಡಿ:

1. ಪೆನ್‌ಡ್ರೈವ್ ಚುಚ್ಚಿದ್ದರೆ ತೆಗೆದು ಮತ್ತೆ ಹಚ್ಚಿ. ಎಷ್ಟೋ ಸಲ ಅಷ್ಟೇ ಸಾಕು. ಡಿಸ್ಕಿನಿಂದ ಟಕ್ ಟಕ್ ಸದ್ದು ಬಂದರೆ ಮಾತ್ರ ಕೂಡಲೇ ಆರಿಸಿ, ತಿಳಿದವರಿಗೆ ಕೊಡಿ.

2. ವಿಂಡೋಸ್ ಗುರುತು ಬಂದೊಡನೆ ಪವರ್ ಬಟನ್ ಒತ್ತಿ ಹಿಡಿದು ಆರಿಸಿ. ಎರಡು ಮೂರು ಸಲ ಹೀಗೆ ಮಾಡಿದರೆ ರಿಪೇರಿ ಪರದೆ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ನಂತರ ಅಡ್ವಾನ್ಸ್ಡ್ ಆಪ್ಷನ್ಸ್ ಒತ್ತಿ.

3. ಮೊದಲು ಲೆಕ್ಕ ಹೊರಗೆ ತೆಗೆಯಿರಿ. ಪೆನ್‌ಡ್ರೈವ್ ಹಾಕಿ, ಕಮಾಂಡ್ ಪ್ರಾಂಪ್ಟ್ ತೆರೆದು ನೋಟ್‌ಪ್ಯಾಡ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಅದರಲ್ಲಿ ಫೈಲ್, ಓಪನ್ ಒತ್ತಿ, ಕೆಳಗೆ ಆಲ್ ಫೈಲ್ಸ್ ಆರಿಸಿ. ಬಿಲ್ಲಿಂಗ್ ಫೋಲ್ಡರನ್ನು ಕಾಪಿ ಮಾಡಿ ಪೆನ್‌ಡ್ರೈವಿಗೆ ಪೇಸ್ಟ್ ಮಾಡಿ. ಇಲ್ಲಿ ಸಿ ಡ್ರೈವ್ ಕೆಲವೊಮ್ಮೆ ಡಿ ಎಂದು ಕಾಣುತ್ತದೆ, ಗಾಬರಿ ಬೇಡ.

4. ಆಮೇಲೆ ಸ್ಟಾರ್ಟಪ್ ರಿಪೇರ್. ಆಗದಿದ್ದರೆ ಸಿಸ್ಟಮ್ ರಿಸ್ಟೋರ್. ಅದೂ ಆಗದಿದ್ದರೆ ಮೆಕ್ಯಾನಿಕ್‌ಗೆ ಚೆಕ್‌ಡಿಸ್ಕ್ ಮತ್ತು ಎಸ್‌ಎಫ್‌ಸಿ ಕಮಾಂಡ್ ಹಾಕಿ ನೋಡಲು ಹೇಳಿ.

5. 'ರೀಸೆಟ್' ಕೊನೆಯ ದಾರಿ. ಫೈಲ್ ಉಳಿಸಿಕೊಳ್ಳುವ ಆಯ್ಕೆ ಒತ್ತಿದರೂ ಬಿಲ್ಲಿಂಗ್ ಸಾಫ್ಟ್‌ವೇರ್ ಹೋಗುತ್ತದೆ.

ಇವೆಲ್ಲಕ್ಕೂ ಮೊದಲು, ಕಂಪ್ಯೂಟರ್ ಸರಿ ಇರುವ ಇವತ್ತೇ ನಾಲ್ಕು ಕೆಲಸ ಮುಗಿಸಿ. ಯುಪಿಎಸ್ ಬ್ಯಾಟರಿ ಪರೀಕ್ಷಿಸಿ. ಸಿಸ್ಟಮ್ ಪ್ರೊಟೆಕ್ಷನ್ ಆನ್ ಇದೆಯೇ ನೋಡಿ, ಇಲ್ಲದಿದ್ದರೆ ರಿಸ್ಟೋರ್ ನಡೆಯದು. ಬಿಲ್ಲಿಂಗ್ ಡೇಟಾ ಯಾವ ಫೋಲ್ಡರಿನಲ್ಲಿದೆ ಎಂದು ಸಾಫ್ಟ್‌ವೇರಿನವರನ್ನು ಕೇಳಿ ಡೈರಿಯಲ್ಲಿ ಬರೆದಿಡಿ. ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಯ ಸಂಖ್ಯೆಯನ್ನೂ ಅಲ್ಲೇ ಬರೆಯಿರಿ, ರಿಪೇರಿ ವೇಳೆ ಅದನ್ನು ಕೇಳುತ್ತದೆ.

ರಾತ್ರಿ ಗಲ್ಲಾ ಎಣಿಸಿದ ಮೇಲೆ ಡೇಟಾವನ್ನು ಪೆನ್‌ಡ್ರೈವಿಗೆ ಹಾಕಿ ಮನೆಗೆ ಒಯ್ಯುವುದು ಈಗ ನನ್ನ ರೂಢಿ. ಯಾರಾದರೂ ಫಾರ್ಮ್ಯಾಟ್ ಎಂದರೆ, ಮೊದಲು ನನ್ನ ಲೆಕ್ಕ ನನ್ನ ಕೈಗೆ ಕೊಡು ಎನ್ನಿ.