ನಡುರಾತ್ರಿಯ ಫೋನು, ಹಸುಗೂಸಿನ ಜ್ವರ



ಹಸುಗೂಸುಗಳಿಗೆ ಕಾಯಿಲೆ ಜೋರಾಗುವುದು ರಾತ್ರಿಯ ಹೊತ್ತಿನಲ್ಲೇ ಎಂದು ತಾಯಂದಿರು ಹೇಳುವುದುಂಟು. ಇದು ಬರೀ ಭ್ರಮೆಯಲ್ಲ. ಮನುಷ್ಯನ ದೇಹದ ಉಷ್ಣತೆಯೇ ಸಂಜೆಯ ವೇಳೆಗೆ ಕೊಂಚ ಏರುತ್ತದೆ. ಹಗಲೆಲ್ಲಾ ಮಂದವಾಗಿದ್ದ ಜ್ವರ ದೀಪ ಹಚ್ಚುವ ಹೊತ್ತಿಗೆ ಮೇಲೇಳುತ್ತದೆ. ಅಷ್ಟರಲ್ಲಿ ಕ್ಲಿನಿಕ್ಕಿನ ಬಾಗಿಲು ಹಾಕಿರುತ್ತದೆ, ಔಷಧದ ಅಂಗಡಿಯವನು ಮನೆಗೆ ಹೋಗಿರುತ್ತಾನೆ. ಕೈಗೆ ಸಿಗುವುದು ಒಂದು ಫೋನು ಮಾತ್ರ.

ಈಚೆಗೆ ನಮ್ಮ ಧರ್ಮಕೇಂದ್ರದ ಮನೆಗಳನ್ನು ಭೇಟಿಮಾಡುತ್ತಿದ್ದಾಗ ಒಬ್ಬ ಯುವ ತಾಯಿ ತನ್ನ ಅಳಲನ್ನು ತೋಡಿಕೊಂಡರು. ಐದು ತಿಂಗಳ ಮಗು. ಜ್ವರ, ಜೊತೆಗೆ ಭೇದಿ. ಗಂಡ ರಾತ್ರಿ ಪಾಳಿಯಲ್ಲಿ. ಅತ್ತೆ, "ಹಲ್ಲು ಬರೋ ಜ್ವರ, ಸುಮ್ನಿರು" ಎಂದರಂತೆ. ಮಗು ಹುಟ್ಟಿದ ಆಸ್ಪತ್ರೆಗೇ ಫೋನು ಮಾಡಿದರೆ ಮೊದಲು ಯಾರೂ ಎತ್ತಲಿಲ್ಲ. ಆಮೇಲೆ ಎತ್ತಿದವರು ಮಗುವಿನ ಹೆಸರು, ವಯಸ್ಸು, ಫೈಲ್ ನಂಬರು ಕೇಳಿ ಇನ್ನೊಬ್ಬರಿಗೆ ಕೊಟ್ಟರು. ಅವರೂ ಅದನ್ನೇ ಕೇಳಿದರು. ಮೂರನೆಯವರೂ ಅದನ್ನೇ ಕೇಳಿದರು. ಕೊನೆಗೆ ಬಂದ ಉತ್ತರ: "ಬೆಳಿಗ್ಗೆ ಒ.ಪಿ.ಡಿ.ಗೆ ಕರ್ಕೊಂಡು ಬನ್ನಿ. ಜಾಸ್ತಿ ಆದ್ರೆ ಎಮರ್ಜೆನ್ಸಿಗೆ ಬನ್ನಿ."

"ಜಾಸ್ತಿ ಅಂದ್ರೆ ಎಷ್ಟು ಜಾಸ್ತಿ, ಫಾದರ್? ಅದನ್ನ ಕೇಳೋಷ್ಟರಲ್ಲಿ ಫೋನ್ ಇಟ್ಟುಬಿಟ್ರು. ಮತ್ತೆ ಮಾಡಿ ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ. ತಪ್ಪಾಯ್ತಾ?"

ಬೆಳಗಿನ ಜಾವ ನೆರೆಮನೆಯವರ ಆಟೋದಲ್ಲಿ ಹೋಗಿ ಮಗುವನ್ನು ತೋರಿಸಿ ಬಂದರು. ಮಗು ಈಗ ಆರೋಗ್ಯವಾಗಿದೆ. ಆದರೆ ಆ ತಾಯಿ ಕೇಳಿದ ಎರಡು ಪ್ರಶ್ನೆಗಳು ನನ್ನನ್ನು ಬಿಡಲಿಲ್ಲ. ಬೈದದ್ದು ತಪ್ಪೇ ಎಂಬುದಕ್ಕೆ ಆಮೇಲೆ ಬರೋಣ. ಮೊದಲನೆಯದೇ ಮುಖ್ಯವಾದದ್ದು. "ಜಾಸ್ತಿ" ಎಂದರೆ ಎಷ್ಟು? ಒಬ್ಬ ತಾಯಿಗೆ ರಾತ್ರಿ ಎರಡು ಗಂಟೆಗೆ ಬೇಕಾದದ್ದು ಆ ಒಂದು ಮಾತು. ಅದನ್ನೇ ಹೇಳದೆ ಫೋನು ಇಡುವುದು ಸಲಹೆ ಕೊಟ್ಟಂತಲ್ಲ, ಹೊಣೆ ಜಾರಿಸಿದಂತೆ.

ಫೋನಿನ ಆ ಕಡೆ ಕುಳಿತವರ ಕಷ್ಟವನ್ನೂ ನೋಡೋಣ. ಮಗುವನ್ನು ನೋಡುವ ವೈದ್ಯರು ಬಾಯಿ ತೆರೆಯುವ ಮೊದಲೇ ಅರ್ಧ ತಿಳಿದುಕೊಂಡಿರುತ್ತಾರೆ. ಮೈಬಣ್ಣ, ಕಣ್ಣಿನ ಕಳೆ, ಉಸಿರಿನ ವೇಗ, ತಾಯಿಯ ಹೆಗಲ ಮೇಲೆ ಮಗು ತಲೆ ನಿಲ್ಲಿಸಿದೆಯೋ ಜೋತುಬಿದ್ದಿದೆಯೋ ಎಲ್ಲವೂ ಒಂದು ನೋಟಕ್ಕೆ ಸಿಗುತ್ತವೆ. ಫೋನಿನಲ್ಲಿ ಇದೊಂದೂ ಇಲ್ಲ. ಅದಕ್ಕೇ ಪ್ರಶ್ನೆಗಳ ಸರಮಾಲೆ. ಮಗು ಕಿವಿಯ ಹತ್ತಿರವೇ ಕಿರುಚುತ್ತಿರುವಾಗ "ಉಸಿರಾಡುತ್ತಿದೆಯೇ?" ಎಂದು ಕೇಳಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಆದರೆ ಅತಿ ಅಪಾಯದ ಸಂಗತಿಯನ್ನು ಮೊದಲು ತಳ್ಳಿಹಾಕಬೇಕು ಎಂಬ ನಿಯಮದಿಂದ ಆ ಪ್ರಶ್ನೆ ಮೊದಲು ಬರುತ್ತದೆ.

ನಮ್ಮ ಅನೇಕ ಧರ್ಮಕೇಂದ್ರಗಳ ಹೆಣ್ಣುಮಕ್ಕಳು ಇಂದು ಇಂಗ್ಲೆಂಡಿನಲ್ಲಿ ನರ್ಸುಗಳಾಗಿ ದುಡಿಯುತ್ತಿದ್ದಾರೆ. ಅಲ್ಲಿನ ವ್ಯವಸ್ಥೆ ಅವರಿಗೆ ಚೆನ್ನಾಗಿ ಗೊತ್ತು. ಅಲ್ಲಿ 1998ರಲ್ಲಿ ನರ್ಸುಗಳೇ ಫೋನಿನಲ್ಲಿ ಸಲಹೆ ನೀಡುವ ಸರ್ಕಾರಿ ಸೇವೆ ಆರಂಭವಾಯಿತು. 2004ರ ಹೊಸ ಒಪ್ಪಂದದ ನಂತರ ಕುಟುಂಬ ವೈದ್ಯರು ರಾತ್ರಿ ಮತ್ತು ವಾರಾಂತ್ಯದ ಹೊಣೆಯಿಂದ ಬಿಡುಗಡೆ ಪಡೆಯಬಹುದಾಯಿತು. 2013ರಿಂದ ಇಡೀ ಇಂಗ್ಲೆಂಡಿಗೆ 111 ಎಂಬ ಸಂಖ್ಯೆ ಬಂತು. ಅಲ್ಲಿ ಮೊದಲು ಫೋನು ಎತ್ತುವವರು ವೈದ್ಯರೂ ಅಲ್ಲ, ನರ್ಸೂ ಅಲ್ಲ. ಕಂಪ್ಯೂಟರು ತೋರಿಸುವ ಪ್ರಶ್ನೆಗಳನ್ನು ಕೇಳಲು ತರಬೇತಿ ಪಡೆದವರು. ಸಾವಿರಾರು ಜನರಿಗೆ ಅದರಿಂದ ಅನುಕೂಲವಾಗಿದೆ. ಆದರೆ 2014ರ ಡಿಸೆಂಬರಿನಲ್ಲಿ ಕಾರ್ನ್‌ವಾಲ್ ಪ್ರಾಂತ್ಯದಲ್ಲಿ ಒಂದು ವರ್ಷದ ಗಂಡುಮಗುವೊಂದು ರಕ್ತಕ್ಕೆ ನಂಜು ಏರಿ ತೀರಿಕೊಂಡಿತು. ತಾಯಿ ವೈದ್ಯರಿಗೂ ತೋರಿಸಿದ್ದರು, 111ಕ್ಕೂ ಫೋನು ಮಾಡಿದ್ದರು. 2016ರ ಜನವರಿಯಲ್ಲಿ ಹೊರಬಂದ ತನಿಖಾ ವರದಿ ವೈದ್ಯರ ಲೋಪಗಳನ್ನೂ ಹೇಳಿತು, ಆ ಕಂಪ್ಯೂಟರಿನ ಪ್ರಶ್ನೆಗಳು ನಂಜಿನ ಲಕ್ಷಣಗಳನ್ನು ಹಿಡಿಯುವಷ್ಟು ಸೂಕ್ಷ್ಮವಾಗಿರಲಿಲ್ಲ ಎಂಬುದನ್ನೂ ಹೇಳಿತು. ಅನುಭವಿ ವೈದ್ಯರು ಆ ಫೋನು ಎತ್ತಿದ್ದರೆ ಮಗುವಿನ ಅಳುವಿನಿಂದಲೇ ಅಪಾಯ ಗ್ರಹಿಸುವ ಸಾಧ್ಯತೆ ಇತ್ತು ಎಂಬ ಮಾತೂ ಅದರಲ್ಲಿತ್ತು. ಅಷ್ಟು ದೊಡ್ಡ, ಅಷ್ಟು ಶ್ರೀಮಂತ ವ್ಯವಸ್ಥೆಯೇ ಎಡವಿದೆ ಎಂದಮೇಲೆ ನಾವು ಫೋನಿನ ಮಾತನ್ನು ಎಷ್ಟರಮಟ್ಟಿಗೆ ನೆಚ್ಚಬೇಕು ಎಂಬುದು ತಿಳಿದಿರಬೇಕು.

ನಮ್ಮ ರಾಜ್ಯದಲ್ಲಿ ಆಂಬುಲೆನ್ಸಿಗಾಗಿ 108 ಸೇವೆ 2008ರಲ್ಲಿ ಬಂತು. ಆರೋಗ್ಯ ಸಲಹೆಗಾಗಿ 104 ಆರೋಗ್ಯವಾಣಿ 2013ರಲ್ಲಿ ಆರಂಭವಾಯಿತು. ಎರಡನ್ನೂ ಬೆರೆಸಿಕೊಳ್ಳಬೇಡಿ: ಕೇಳುವುದಕ್ಕೆ 104, ಹೊರಡುವುದಕ್ಕೆ 108. ವೈದ್ಯರು ಫೋನಿನಲ್ಲಿ ಚಿಕಿತ್ಸೆ ಹೇಳಬಹುದೇ ಎಂಬ ಬಗ್ಗೆ ಬಹುಕಾಲ ಸ್ಪಷ್ಟತೆ ಇರಲಿಲ್ಲ. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಅದಕ್ಕೆ ಅವಕಾಶ ಕೊಟ್ಟಿತು. ಫೋನು ಸಾಕೋ, ಕಣ್ಣಾರೆ ನೋಡಲೇಬೇಕೋ ಎಂದು ತೀರ್ಮಾನಿಸುವವರು ವೈದ್ಯರೇ. ತುರ್ತು ಎನಿಸಿದರೆ ರೋಗಿಯನ್ನು ಬೇಗ ನೇರವಾಗಿ ತೋರಿಸುವಂತೆ ಹೇಳಬೇಕು. ಆದ್ದರಿಂದ "ಕರ್ಕೊಂಡು ಬನ್ನಿ" ಎಂದಾಗಲೆಲ್ಲ "ದುಡ್ಡಿಗಾಗಿ ಕರೀತಾರೆ" ಎಂದುಕೊಳ್ಳಬೇಡಿ. ಹಾಗೆ ಕರೆಯುವವರು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಹಸುಗೂಸಿನ ವಿಷಯದಲ್ಲಿ ಆ ಮಾತೇ ಬಹುಪಾಲು ಸರಿಯಾದ ಮಾತು.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಜಾಸ್ತಿ ಎಂದರೆ ಎಷ್ಟು? ನಾನು ವೈದ್ಯನಲ್ಲ, ಆದರೆ ಇದು ಅಂಗನವಾಡಿ ಕಾರ್ಯಕರ್ತೆಯರಿಗೂ ಆಶಾ ಕಾರ್ಯಕರ್ತೆಯರಿಗೂ ಕಲಿಸುವ ಪಾಠ, ಯಾವ ಮನೆಯಲ್ಲೂ ತಿಳಿದಿರಬಹುದಾದದ್ದು. ಮಗು ಮೂರು ತಿಂಗಳೂ ತುಂಬದ್ದಾಗಿದ್ದು ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗುವ ತನಕ ಕಾಯುವಂತಿಲ್ಲ. ಫೋನಿನಲ್ಲಿ ಯಾರು ಏನೇ ಹೇಳಲಿ, ಹೊರಡಬೇಕು. ಮಗು ಎಷ್ಟೇ ತಿಂಗಳಿನದಾಗಿರಲಿ, ಹಾಲು ಕುಡಿಯಲಾಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಸರಿಯಾಗಿ ಏಳದೆ ಮಂಕಾಗಿದ್ದರೆ ಹೊರಡಬೇಕು. ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ ಹೊರಡಬೇಕು. ತುಟಿ ನೀಲಿಯಾದರೆ ಕೇಳುವುದೇ ಬೇಡ. ಜ್ವರ ತಾನಾಗಿ ಇಳಿದು ಮೈ ತಣ್ಣಗಾಯಿತೆಂದು ಸಂತೋಷಪಡುವ ಮುನ್ನ ಮಗು ಚುರುಕಾಗಿದೆಯೇ ನೋಡಿ. ಚಿಕ್ಕ ಮಗುವಿನ ಮೈ ಅತಿಯಾಗಿ ತಣ್ಣಗಾಗುವುದೂ ಅಪಾಯದ ಗುರುತೇ. ಭೇದಿಯಾಗುವ ಮಗುವಿನ ಕಣ್ಣು ಗುಳಿಬಿದ್ದಿದ್ದರೆ, ನೆತ್ತಿ ಒಳಕ್ಕೆ ಇಳಿದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಗಂಟೆಗಟ್ಟಲೆ ಮೂತ್ರ ಮಾಡದಿದ್ದರೆ ಮೈಯ ನೀರು ಬತ್ತುತ್ತಿದೆ ಎಂದರ್ಥ. ಹಲ್ಲು ಬರುವಾಗ ಮಗು ಕಿರಿಕಿರಿ ಮಾಡುತ್ತದೆ, ಜೊಲ್ಲು ಸುರಿಸುತ್ತದೆ, ಸರಿ. ಆದರೆ ಜೋರು ಜ್ವರಕ್ಕೂ ಭೇದಿಗೂ ಹಲ್ಲಿನ ಮೇಲೆ ತಪ್ಪು ಹೊರಿಸಬಾರದು. ಅಜ್ಜಿಯಂದಿರು ನನ್ನ ಮೇಲೆ ಬೇಸರಪಡದಿರಲಿ.

ಉಸಿರು ಎಣಿಸುವುದನ್ನು ಪ್ರತಿಯೊಬ್ಬ ತಂದೆಯೂ ಕಲಿಯಬೇಕು. ತಾಯಿಯೊಬ್ಬಳೇ ಅಲ್ಲ. ಮಗು ಅಳದೆ ಮಲಗಿರುವಾಗ ಅಂಗಿ ಸರಿಸಿ, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಹೊಟ್ಟೆಯ ಏರಿಳಿತ ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಮೇಲೆ, ಎರಡರಿಂದ ಹನ್ನೆರಡು ತಿಂಗಳಿನ ಮಗುವಿಗೆ 50 ಅಥವಾ ಮೇಲೆ, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಮೇಲೆ ಬಂದರೆ ಅದು ವೇಗದ ಉಸಿರು, ನ್ಯುಮೋನಿಯಾದ ಅನುಮಾನ. ಫೋನಿನಲ್ಲಿ "ತುಂಬಾ ಏದುಸಿರು ಬಿಡ್ತಾ ಇದೆ" ಎನ್ನುವುದಕ್ಕೂ "ನಿಮಿಷಕ್ಕೆ 62 ಸಲ ಉಸಿರಾಡ್ತಾ ಇದೆ" ಎನ್ನುವುದಕ್ಕೂ ಎಷ್ಟು ವ್ಯತ್ಯಾಸ! ಎರಡನೆಯ ಮಾತು ಕೇಳಿದವರು ಫೋನು ಇಡಲಾರರು.

ಹಾಗೆಯೇ, ಡಯಲ್ ಮಾಡುವ ಮುನ್ನ ಒಂದು ಚೀಟಿಯಲ್ಲಿ ನಾಲ್ಕು ಸಂಗತಿ ಬರೆದುಕೊಳ್ಳಿ. ಮಗುವಿನ ತೂಕ, ಜ್ವರ ಎಷ್ಟು ಮತ್ತು ಎಷ್ಟು ಹೊತ್ತಿಗೆ ನೋಡಿದ್ದು, ಕೊನೆಯ ಸಲ ಹಾಲು ಕುಡಿದದ್ದು ಹಾಗೂ ಮೂತ್ರ ಮಾಡಿದ್ದು ಯಾವಾಗ, ಈಗಾಗಲೇ ಕೊಟ್ಟ ಔಷಧ ಯಾವುದು. ಔಷಧದ ಬಾಟಲಿ ಕೈಯಲ್ಲಿರಲಿ. ಪ್ಯಾರಸಿಟಮಾಲ್ ಡ್ರಾಪ್ಸ್ ಬೇರೆ, ಸಿರಪ್ ಬೇರೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಡ್ರಾಪ್ಸ್‌ನ ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಇದ್ದರೆ, ಸಿರಪ್‌ನ ಐದು ಮಿಲಿಲೀಟರಿನಲ್ಲಿ 125 ಅಥವಾ 250 ಮಿಲಿಗ್ರಾಂ ಇರುತ್ತದೆ. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ ಮಗುವಿಗೆ ನಾಲ್ಕು ಪಟ್ಟು ಔಷಧ ಹೋಗಬಹುದು. ಫೋನಿನಲ್ಲಿ "ಐದು ಎಂ.ಎಲ್. ಕೊಡಿ" ಎಂದರೆ "ಯಾವುದರಲ್ಲಿ?" ಎಂದು ಕೇಳಿ, ಬಾಟಲಿಯ ಮೇಲಿನ ಅಂಕಿ ಓದಿ ಹೇಳಿ. ಹೇಳಿದ್ದನ್ನು ತಿರುಗಿ ಹೇಳಿ ಖಚಿತಪಡಿಸಿಕೊಳ್ಳಿ. ಕೆಮ್ಮಿನ ಸಿರಪ್ ಮಾತ್ರ ಯಾರದೋ ಮಾತು ಕೇಳಿ ಹಾಕಬೇಡಿ; 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕಲಬೆರಕೆ ಸಿರಪ್ ಕುಡಿದು ಎಳೆಯ ಮಕ್ಕಳು ಸತ್ತದ್ದು ಇನ್ನೂ ಹಸಿಯಾಗಿದೆ. ಓ.ಆರ್.ಎಸ್. ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಲೋಟಕ್ಕೆ ಹಾಕದೆ, ಪೊಟ್ಟಣದ ಮೇಲೆ ಬರೆದಷ್ಟು ನೀರಿಗೆ ಪೂರ್ತಿ ಪೊಟ್ಟಣ ಹಾಕಿ, ಚಮಚದಲ್ಲಿ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ.

ಫೋನು ಇಡುವ ಮುನ್ನ ಕೇಳಲೇಬೇಕಾದ ಪ್ರಶ್ನೆ ಒಂದಿದೆ: "ಏನು ಕಂಡರೆ ಬೆಳಗಿನ ತನಕ ಕಾಯದೆ ಹೊರಡಬೇಕು?" ಉತ್ತರ ಸಿಗದಿದ್ದರೆ "ಡ್ಯೂಟಿ ಡಾಕ್ಟರಿಗೆ ಕೊಡಿ" ಎನ್ನಿ. ಇದು ಉದ್ಧಟತನವಲ್ಲ.

ಇನ್ನು ಬೈದ ವಿಚಾರ. ಸಂತ ತೋಮಸ್ ಅಕ್ವಿನಾಸರು ಕೋಪವೆಲ್ಲ ಪಾಪ ಎಂದು ಹೇಳಲಿಲ್ಲ. ವಿವೇಕದ ಹಿಡಿತದಲ್ಲಿರುವ ಕೋಪ ಯುಕ್ತವಾದದ್ದು. ಕೋಪಗೊಳ್ಳಬೇಕಾದಲ್ಲಿ ಕೋಪವೇ ಬಾರದಿರುವುದೂ ಒಂದು ಕೊರತೆ ಎಂದು ಅವರು ಕಲಿಸುತ್ತಾರೆ. ಮಗು ನರಳುತ್ತಿರುವಾಗ ತಾಯಿಗೆ ಸಿಟ್ಟು ಬಂದದ್ದರಲ್ಲಿ ನನಗೆ ಪಾಪ ಕಾಣುವುದಿಲ್ಲ. ಆದರೆ ಸಿಟ್ಟು ಯಾರ ಮೇಲೆ ಬಿತ್ತು? ರಾತ್ರಿ ಪಾಳಿಯಲ್ಲಿ ನಾಲ್ಕು ಫೋನುಗಳ ನಡುವೆ ಕೂತ, ಬಹುಶಃ ನಮ್ಮದೇ ಒಂದು ಮನೆಯ ಹೆಣ್ಣುಮಗಳ ಮೇಲೆ. ರಾತ್ರಿ ಅವಳಿಂದ ಬೇಕಾದದ್ದು ಉತ್ತರ. ಬೈಗುಳ ಕೇಳಿದವಳ ಬಾಯಿಂದ ಅದು ಬರುವುದಿಲ್ಲ. ಆ ಕೋಪವನ್ನು ಬೆಳಗಿನ ತನಕ ಇಟ್ಟುಕೊಂಡು, ಫೋನು ಎಷ್ಟು ಹೊತ್ತಿಗೆ ಮಾಡಿದೆ, ಏನು ಹೇಳಿದರು ಎಂದು ಬರೆದು ಆಸ್ಪತ್ರೆಯ ಮೇಲಧಿಕಾರಿಗೆ ಕೊಟ್ಟರೆ ಮುಂದಿನ ತಾಯಿಗೆ ಉಪಯೋಗವಾದೀತು. ನಮ್ಮಲ್ಲಿ ಬೈಯುವವರು ಬಹಳ, ಬರೆದುಕೊಡುವವರು ಕಡಿಮೆ. ಆಸ್ಪತ್ರೆಗಳಲ್ಲಿ ಕೆಲಸಮಾಡುವ ವಾಚಕರೂ ಇದ್ದೀರಿ. "ಜಾಸ್ತಿ ಆದ್ರೆ" ಎಂಬ ಮಾತಿನ ಹಿಂದೆ ಒಂದೆರಡು ಗುರುತುಗಳನ್ನು ಸೇರಿಸಿ ಹೇಳಲು ಅರ್ಧ ನಿಮಿಷ ಸಾಕು.

ಸಂತ ಯೊವಾನ್ನರ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ಕಫೆರ್ನವುಮಿನ ಒಬ್ಬ ರಾಜಾಧಿಕಾರಿಯ ಪ್ರಸಂಗವಿದೆ. ಅವನ ಮಗನಿಗೂ ಜ್ವರವೇ. ಅಧಿಕಾರಿಯಾಗಿದ್ದವನು ಆಳನ್ನು ಕಳಿಸಲಿಲ್ಲ, ತಾನೇ ಕಾನಾ ಊರಿಗೆ ಹೋದ. ಯೇಸುಸ್ವಾಮಿಯ ಮೊದಲ ಮಾತು ಅವನಿಗೆ ಸಮಾಧಾನ ತರುವಂಥದ್ದಾಗಿರಲಿಲ್ಲ. ಆದರೂ ಮಗ ಸಾಯುವ ಮುನ್ನ ಬರಬೇಕೆಂದು ಅವನು ಮತ್ತೆ ಬೇಡಿದ. ದೂರದಿಂದಲೇ ಹೇಳಿದ ಮಾತನ್ನು ನಂಬಿ ಹೊರಟ. ದಾರಿಯಲ್ಲಿ ಆಳುಗಳು ಎದುರಾಗಿ ಮಗ ಗುಣವಾದನೆಂದಾಗ ಅವನು ಕೇಳಿದ್ದು ಏನು ಗೊತ್ತೇ? ಎಷ್ಟು ಹೊತ್ತಿಗೆ ಎಂದು! ನಂಬಿದವನೂ ಹೊತ್ತು ವಿಚಾರಿಸುತ್ತಾನೆ. ವಿಶ್ವಾಸವಿರುವವರು ಥರ್ಮಾಮೀಟರು ನೋಡಬಾರದು, ಪ್ರಶ್ನೆ ಕೇಳಬಾರದು ಎಂದು ತಿಳಿದ ಕೆಲವರು ನಮ್ಮಲ್ಲಿದ್ದಾರೆ. ಅವರು ಈ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು.

ಇನ್ನೊಂದು ಸಂಗತಿ. ಮಗು ಗಂಭೀರವಾಗಿದೆ, ಇನ್ನೂ ದೀಕ್ಷಾಸ್ನಾನವಾಗಿಲ್ಲ ಎಂದು ಗುರುಗಳು ಬರುವ ತನಕ ಆಸ್ಪತ್ರೆಗೆ ಹೊರಡದೆ ಕಾದ ಮನೆಗಳನ್ನು ಕೇಳಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರಾಣಾಪಾಯವಿದ್ದರೆ ಧರ್ಮಸಭೆಯ ಉದ್ದೇಶವನ್ನೇ ಮನಸ್ಸಿನಲ್ಲಿಟ್ಟುಕೊಂಡು ಯಾರು ಬೇಕಾದರೂ, ಆಸ್ಪತ್ರೆಯ ನರ್ಸು ಕೂಡ, ನೀರು ಸುರಿದು ಪಿತ, ಪುತ್ರ, ಪವಿತ್ರಾತ್ಮರ ನಾಮದಲ್ಲಿ ದೀಕ್ಷಾಸ್ನಾನ ಕೊಡಬಹುದು. ಅದು ದಾರಿಯಲ್ಲೂ ಆದೀತು. ವಾಹನ ಮೊದಲು ಹೊರಡಲಿ.

ಆ ವಾಹನ ಎಲ್ಲಿಂದ? ನಮ್ಮ ಧರ್ಮಕೇಂದ್ರದ ಪ್ರತಿಯೊಂದು ವಾರ್ಡಿನಲ್ಲಿ ರಾತ್ರಿ ಕರೆದರೆ ಬರುವ ಆಟೋ, ಕಾರುಗಳವರ ಹೆಸರು ಮತ್ತು ನಂಬರು ಬರೆದುಕೊಡುವಂತೆ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರನ್ನು ಕೇಳಿಕೊಂಡಿದ್ದೇನೆ. ಈವರೆಗೆ ಏಳು ಮಂದಿ ಒಪ್ಪಿದ್ದಾರೆ, ಅವರಲ್ಲಿ ಇಬ್ಬರು ನಮ್ಮ ಸಭೆಯವರಲ್ಲ. ಪಟ್ಟಿಯನ್ನು ದೇವಾಲಯದ ಬಾಗಿಲಿನ ಬಳಿ ಹಾಕಿದೆ. ಪೂಜೆ ಮುಗಿಸಿ ಹೋಗುವಾಗ ಬರೆದುಕೊಂಡು ಹೋಗಿ. ಗುರುನಿವಾಸದ ನಂಬರೂ ಅದರಲ್ಲಿದೆ. ವೈದ್ಯಕೀಯ ಸಲಹೆ ನನ್ನಲ್ಲಿಲ್ಲ, ಜೀಪು ಇದೆ.