ಶ್ವಾಸಕೋಶದಿಂದಾಚೆಗೆ

ನಾನು ಇತಿಹಾಸದ ವಿದ್ಯಾರ್ಥಿ. ವೈದ್ಯಕ್ಕೆ ಸಂಬಂಧಿಸಿದ ವಿಷಯವನ್ನು ಬರೆಯಹೊರಟಿರುವುದನ್ನು ಕಂಡು ವಾಚಕರು ನಕ್ಕರೆ ಆಶ್ಚರ್ಯವಿಲ್ಲ. ಆದರೆ ಮನೆಯ ಅನುಭವವೇ ನನ್ನ ಕೈಗೆ ಲೇಖನಿಯನ್ನು ಕೊಟ್ಟಿದೆ.

2021ರ ಮೇ ತಿಂಗಳಿನಲ್ಲಿ ಉಪಾಧ್ಯಾಯರಾದ ನನ್ನ ಸೋದರಮಾವನವರು ಕೊರೋನಾ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿ, 12 ದಿನಗಳ ಮೇಲೆ ಗುಣವಾಗಿ ಮನೆಗೆ ಬಂದರು. ಅಜ್ಜಿ ದೃಷ್ಟಿ ತೆಗೆದರು. ಗಂಡಾಂತರ ಕಳೆಯಿತೆಂದು ಎಲ್ಲರೂ ನಿಟ್ಟುಸಿರು ಬಿಟ್ಟೆವು. ಐದನೆಯ ದಿನ ಮುಂಜಾನೆ ಅವರ ಕೈಯಿಂದ ಕಾಫಿಯ ಲೋಟ ಜಾರಿತು, ಮಾತು ತೊದಲಿತು. ದಣಿವಿರಬೇಕೆಂದು ಮಲಗಿಸಿದೆವು. ಮಧ್ಯಾಹ್ನ ಎದ್ದಾಗ ಬಲಗೈ ಮೇಲೇಳಲಿಲ್ಲ. ಮಿದುಳಿನ ರಕ್ತನಾಳವೊಂದರಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡಿತ್ತು.

ಶ್ವಾಸಕೋಶದ ಬೇನೆಗೂ ಮಿದುಳಿಗೂ ಏನು ನಂಟು? ಅಂದಿನಿಂದ ಕಾಡಿದ ಈ ಪ್ರಶ್ನೆಗೆ ನಾನು ಓದಿ ತಿಳಿದುಕೊಂಡ ಉತ್ತರವಿದು.

ಈ ವೈರಸ್ಸು ಜೀವಕೋಶವನ್ನು ಹೊಗಲು ಎ.ಸಿ.ಇ.-2 ಎಂಬ ಪ್ರೋಟೀನನ್ನು ಬಾಗಿಲಾಗಿ ಬಳಸಿಕೊಳ್ಳುತ್ತದೆ. ಆ ಬಾಗಿಲು ಶ್ವಾಸಕೋಶದಲ್ಲಿ ಮಾತ್ರವಲ್ಲದೆ ಕರುಳು, ಮೂತ್ರಪಿಂಡ, ಹೃದಯಗಳಲ್ಲಿಯೂ ಉಂಟು. ಆದರೆ ಹಾನಿಯೆಲ್ಲವೂ ವೈರಸ್ಸಿನ ನೇರ ಪ್ರವೇಶದಿಂದಲೇ ಆಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕುಗ್ಗಿದಾಗ ಎಲ್ಲ ಅಂಗಗಳೂ ಬಳಲುತ್ತವೆ. ದೇಹದ ರಕ್ಷಣಾಶಕ್ತಿಯೇ ಮಿತಿಮೀರಿ ಕೆರಳಿ, ಕಾಯಬೇಕಾದ ಅಂಗಗಳನ್ನೇ ನೋಯಿಸುತ್ತದೆ. ರಕ್ತನಾಳಗಳ ಒಳಪದರ ಉರಿಯೂತದಿಂದ ಕೆಟ್ಟು, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುತ್ತದೆ. ಆ ಹೆಪ್ಪು ಹೃದಯದ ನಾಳದಲ್ಲಿ ನಿಂತರೆ ಹೃದಯಾಘಾತ. ಮಿದುಳಿನಲ್ಲಿ ನಿಂತರೆ ಲಕ್ವ. ಕೆಲವರ ಮೂತ್ರಪಿಂಡಗಳು ಸೋತು ಡಯಾಲಿಸಿಸ್ ಬೇಕಾಗುತ್ತದೆ.

ಚಿಕಿತ್ಸೆಗೂ ಎರಡು ಮುಖಗಳುಂಟು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡು, ಆಮ್ಲಜನಕದ ಆಸರೆ ಬೇಕಾದ ರೋಗಿಗಳಲ್ಲಿ ಸಾವನ್ನು ತಗ್ಗಿಸುವುದೆಂದು 2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿತು. ಅದೇ ಔಷಧವು ರಕ್ತದ ಸಕ್ಕರೆಯನ್ನು ಏರಿಸುತ್ತದೆ. 2021ರಲ್ಲಿ ನಮ್ಮ ದೇಶವನ್ನು ಕಾಡಿದ ‘ಕಪ್ಪು ಶಿಲೀಂಧ್ರ’ಕ್ಕೆ ತುತ್ತಾದವರಲ್ಲಿ ಸಕ್ಕರೆ ಕಾಯಿಲೆಯವರು, ಸ್ಟೀರಾಯ್ಡು ಪಡೆದವರೇ ಬಹುಮಂದಿ.

ಆದುದರಿಂದ ಕೆಮ್ಮು ನಿಂತಿತೆಂದು ಮೈಮರೆಯುವಂತಿಲ್ಲ. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಮಲಗಿಸಬಾರದು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಹೆಪ್ಪನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ 4½ ಗಂಟೆಗಳೊಳಗಾಗಿ ಕೊಡಬೇಕು. ಆ ಹೊತ್ತನ್ನು ನಾವು ಅಜ್ಞಾನದಿಂದ ಕಳೆದುಕೊಂಡೆವು.

ಮಾವನವರು ಈಗ ಎಡಗೈಯಲ್ಲಿ ಬರೆಯುವುದನ್ನು ಕಲಿತಿದ್ದಾರೆ. ಈ ಲೇಖನದ ಕಾಗುಣಿತವನ್ನು ತಿದ್ದಿಕೊಟ್ಟವರೂ ಅವರೇ.